ರೋಜರ್ ಸ್ಕ್ರೂಟನ್ ನೆನಪು: ದುರ್ಗದಲ್ಲಿ, ದಾವಣಗೆರೆಯಲ್ಲಿ ಕುಳಿತು ಅವರನ್ನು ಓದುವುದು ಹೇಗೆ?

ತತ್ವಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ಇಂಗ್ಲೆಂಡಿನ ತತ್ವಜ್ಞಾನಿ ರೋಜರ್ ಸ್ಕ್ರೂಟನ್ 2020ರ ಜನವರಿ 12ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 75 ವರ್ಷ. ಅಂದಿನಿಂದ ಅವರ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಒಂದೋ ಆರತಿ ಎತ್ತುತ್ತವೆ, ಇಲ್ಲವೇ ಮಣ್ಣು ತೂರುತ್ತವೆ. ಬಲಪಂಥದವರಿಗೆ ಅವರು ಋಷಿ, ಎಡಪಂಥದವರಿಗೆ ಖಳ. ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದ ನನಗೆ ಈ ಎರಡರಿಂದಲೂ ಪ್ರಯೋಜನ ಕಾಣಲಿಲ್ಲ. ಅವರ ಚಿಂತನೆಯನ್ನು ನಮ್ಮ ನೆಲದ ಮೇಲೆ ನಿಲ್ಲಿಸಿ ಪರೀಕ್ಷಿಸಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಹೆಸರು ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. 1944ರಲ್ಲಿ ಲಿಂಕನ್‌ಷೈರಿನಲ್ಲಿ ಹುಟ್ಟಿದವರು. ತಂದೆ ಶಾಲಾ ಮೇಷ್ಟರು, ಲೇಬರ್ ಪಕ್ಷದ ಕಟ್ಟಾ ಬೆಂಬಲಿಗರು, ಸಿರಿವಂತರೆಂದರೆ ಸಿಡಿದುಬೀಳುವ ಮನುಷ್ಯ. ಅದೇ ತಂದೆ ತಮ್ಮೂರು ಹೈ ವೈಕೂಂಬ್‌ನ ಹಳೆಯ ಬೀದಿಗಳನ್ನು ಕೆಡವಲು ಬಂದವರ ವಿರುದ್ಧ ಊರಿನವರನ್ನು ಕಟ್ಟಿಕೊಂಡು ಹೋರಾಡಿದರು. ಮಗ ಕೇಂಬ್ರಿಡ್ಜಿನಲ್ಲಿ ಓದಿದರು. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ವಿದ್ಯಾರ್ಥಿಗಳು ಕಾರು ಮಗುಚಿ, ಬೀದಿಯ ಕಲ್ಲು ಕಿತ್ತು ಎಸೆಯುವುದನ್ನು ಕಿಟಕಿಯಿಂದ ಕಂಡರು. ಯಾರು ಯಾರೋ ಸೇರಿ ಕಟ್ಟಿದ್ದನ್ನು ಇವರು ಒಂದು ರಾತ್ರಿಯಲ್ಲಿ ಒಡೆಯುತ್ತಿದ್ದಾರಲ್ಲ, ಇದರ ಜಾಗಕ್ಕೆ ಏನು ತರುತ್ತಾರೆ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು. ಮುಂದೆ ಬರೆದ ಐವತ್ತಕ್ಕೂ ಹೆಚ್ಚು ಪುಸ್ತಕಗಳ ಹಿಂದೆ ಇದ್ದದ್ದು ಆ ಪ್ರಶ್ನೆಯೇ: ಒಳ್ಳೆಯದನ್ನು ಕಟ್ಟಲು ತಲೆಮಾರುಗಳು ಬೇಕು, ಕೆಡವಲು ಒಂದು ಬೆಳಗ್ಗೆ ಸಾಕು.

ನಮ್ಮ ದುರ್ಗದ ದೊಡ್ಡಪೇಟೆಯಲ್ಲಿ ನಡೆದುಹೋಗುವಾಗ ಈ ಮಾತು ನನಗೆ ಮೇಲಿಂದ ಮೇಲೆ ನೆನಪಾಗುತ್ತದೆ. ಕೋಟೆಗೆ ಕಾವಲಿದೆ, ಟಿಕೆಟ್ ಇದೆ, ಪುರಾತತ್ವ ಇಲಾಖೆಯ ಫಲಕವಿದೆ. ಕೋಟೆಯ ಕೆಳಗೆ ಜನ ಬಾಳಿದ ಬೀದಿಗೆ ಏನಿದೆ? ಮರದ ಕಂಬದ ಒಂದು ಪಡಸಾಲೆ ಉರುಳಿದರೆ ಕೇಳುವವರಿಲ್ಲ. ಸ್ಮಾರಕವನ್ನು ಉಳಿಸಿ ಊರನ್ನು ಬಿಟ್ಟುಕೊಡುವ ಈ ಪದ್ಧತಿಯನ್ನು ಸ್ಕ್ರೂಟನ್ ಜೀವನವಿಡೀ ವಿರೋಧಿಸಿದರು.

ಚರ್ಚೆಗೆ ಎಲ್ಲರೂ ಬನ್ನಿ. ಒಪ್ಪದವರಂತೂ ಖಂಡಿತ ಬನ್ನಿ.

ಮಕ್ಕಳ ಡಾಕ್ಟರ್, ದಾವಣಗೆರೆ

ಮೇಷ್ಟರೇ, ನಮಸ್ಕಾರ. ನಿಮ್ಮ ಮೇಲಿನ ಗೌರವ ಹಾಗೆಯೇ ಇದೆ. ಆದರೆ ನಿಮ್ಮ ಪರಿಚಯದಲ್ಲಿ ಒಂದು ಸಂಗತಿ ಇಲ್ಲ, ನಾನು ಅದನ್ನು ಸೇರಿಸಲೇಬೇಕು.

2002ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಒಂದು ಮಿಂಚಂಚೆಯನ್ನು ಬಯಲಿಗೆ ತಂದಿತು. ಸ್ಕ್ರೂಟನ್ ಅವರಿಗೆ ಜಪಾನಿನ ದೊಡ್ಡ ತಂಬಾಕು ಕಂಪನಿಯಿಂದ ತಿಂಗಳಿಗೆ 4,500 ಪೌಂಡ್ ಬರುತ್ತಿತ್ತು, ಅದನ್ನು 5,500ಕ್ಕೆ ಏರಿಸಬೇಕು ಎಂಬ ಕೋರಿಕೆ ಅದರಲ್ಲಿತ್ತು. ಬದಲಿಗೆ ದೊಡ್ಡ ಪತ್ರಿಕೆಗಳಲ್ಲಿ ತಂಬಾಕಿನ ಪರವಾದ ಬರಹಗಳು ಬರುವಂತೆ ಪ್ರಯತ್ನಿಸುವುದಾಗಿ ಹೇಳಲಾಗಿತ್ತು. ಅದಕ್ಕೂ ಮೊದಲು, 2000ದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ವಿರೋಧಿ ನೀತಿಯನ್ನು ಟೀಕಿಸುವ ಕಿರುಹೊತ್ತಗೆಯನ್ನು ಅವರು ಬರೆದಿದ್ದರು. ಕಂಪನಿಯ ಹಣದ ವಿಷಯ ಓದುಗರಿಗೆ ಗೊತ್ತಿರಲಿಲ್ಲ. ಬಯಲಾದ ಮೇಲೆ ಫೈನಾನ್ಷಿಯಲ್ ಟೈಮ್ಸ್ ಅವರ ಅಂಕಣವನ್ನು ನಿಲ್ಲಿಸಿತು.

ನಾನು ಇರುವ ಊರಿನಲ್ಲಿ ಹೆಂಗಸರು ಮನೆಯಲ್ಲಿ ಕುಳಿತು ಬೀಡಿ ಸುತ್ತುತ್ತಾರೆ. ತಂಬಾಕಿನ ಪುಡಿ ಹರಡಿದ ಕೋಣೆಯಲ್ಲಿಯೇ ಕೂಸು ಮಲಗಿರುತ್ತದೆ. ಆ ಕೂಸಿನ ಕೆಮ್ಮು ನನ್ನ ಬಳಿಗೆ ಬರುತ್ತದೆ. ತಲೆಮಾರುಗಳ ನಡುವಿನ ಹೊಣೆಯ ಬಗ್ಗೆ ಇಷ್ಟು ಚೆಂದ ಬರೆದವರು ಈ ಹಣಕ್ಕೆ ಕೈ ಒಡ್ಡಿದ್ದನ್ನು ನನ್ನಿಂದ ಕ್ಷಮಿಸಲು ಆಗುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬಂಧು ಬಳಗಕ್ಕೆ ಆ ಮಾತು ಸರಿ. ಸಾವಿರಾರು ಜನರಿಗೆ ಹೇಗೆ ಬಾಳಬೇಕೆಂದು ಬರೆದು ಹೋದವರಿಗೆ ಆ ರಿಯಾಯಿತಿ ಇಲ್ಲ.

ಮಂಡಿಪೇಟೆ ಓದುಗ

ಡಾಕ್ಟರ್ ಮೇಡಂ ಹೇಳಿದ್ದು ಸತ್ಯ. ಇಷ್ಟಾದರೂ ಪುಸ್ತಕಗಳನ್ನು ಪುಸ್ತಕಗಳಾಗಿಯೇ ಓದಬೇಕಲ್ಲವೇ?

ಮಕ್ಕಳ ಡಾಕ್ಟರ್, ದಾವಣಗೆರೆ

ಓದಬೇಡಿ ಎಂದು ನಾನು ಎಲ್ಲಿ ಹೇಳಿದೆ? ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬೇಡಿ ಎಂದೆ.

ಗಿರಣಿ ಕಾರ್ಮಿಕರ ಮಗ, ದಾವಣಗೆರೆ

ನಾನು ಎಡಪಂಥದ ಮನೆಯಲ್ಲಿ ಬೆಳೆದವನು. ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ನೂಲು ತೆಗೆದವರು. ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿದ ಊರು ನಮ್ಮದು. ಸ್ಕ್ರೂಟನ್ ಹೆಸರು ನಾನು ಮೊದಲು ಕೇಳಿದ್ದು ಬೈಗುಳವಾಗಿ. 1985ರಲ್ಲಿ ಎಡ ಚಿಂತಕರನ್ನು ಒಬ್ಬೊಬ್ಬರಾಗಿ ಹಿಡಿದು ಜರೆದ ಪುಸ್ತಕ ಬರೆದರು. ಅದಕ್ಕೆ ಎದ್ದ ಗದ್ದಲ ಎಷ್ಟಿತ್ತೆಂದರೆ ಪ್ರಕಾಶಕರು ಪುಸ್ತಕವನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಂಡರು. ಆ ಪುಸ್ತಕ ನನಗೆ ಇಂದಿಗೂ ಅನ್ಯಾಯದ್ದೆಂದೇ ತೋರುತ್ತದೆ. ಎದುರಾಳಿಯ ಅತಿ ದುರ್ಬಲ ವಾಕ್ಯವನ್ನು ಹುಡುಕಿ ಹೊಡೆಯುವುದು ವಾದವಲ್ಲ.

ಆದರೆ ಪ್ರಾಗ್‌ನ ಕಥೆ ಬೇರೆ, ಅದನ್ನು ನಾವು ಎಡಪಂಥದವರು ಪ್ರಾಮಾಣಿಕವಾಗಿ ಹೇಳಬೇಕು. 1979ರಲ್ಲಿ ಅವರು ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾಕ್ಕೆ ಹೋದರು. ಕೆಲಸದಿಂದ ಹೊರದೂಡಲ್ಪಟ್ಟ ಪ್ರಾಧ್ಯಾಪಕರು, ಕಾಲೇಜು ಸೇರಲು ಅನುಮತಿ ಸಿಗದ ಹುಡುಗರು ಒಂದು ಸಣ್ಣ ಮನೆಯಲ್ಲಿ ಗುಟ್ಟಾಗಿ ಸೇರಿ ಪ್ಲೇಟೋ ಓದುತ್ತಿದ್ದರು. ಮೆಟ್ಟಿಲ ಬಳಿ ಪೊಲೀಸರು. ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಹೊಟ್ಟೆ ಹೊರೆಯುತ್ತಿದ್ದ ತತ್ವಜ್ಞಾನಿಗಳಿದ್ದ ಕಾಲ ಅದು. ಸ್ಕ್ರೂಟನ್ ಅಲ್ಲಿ ಉಪನ್ಯಾಸ ಕೊಟ್ಟು ಬಂದು ಸುಮ್ಮನಾಗಲಿಲ್ಲ. ಗೆಳೆಯರ ಜೊತೆ ಸೇರಿ ಯಾನ್ ಹುಸ್ ಶಿಕ್ಷಣ ಪ್ರತಿಷ್ಠಾನ ಕಟ್ಟಿದರು, ಗಡಿ ದಾಟಿಸಿ ಪುಸ್ತಕ ಕಳುಹಿಸಿದರು, ಚೆಕ್ ಭಾಷೆ ಕಲಿತರು. 1985ರಲ್ಲಿ ಬ್ರನೋ ನಗರದಲ್ಲಿ ಬಂಧನಕ್ಕೊಳಗಾಗಿ ದೇಶದಿಂದ ಹೊರಹಾಕಲ್ಪಟ್ಟರು. 1998ರಲ್ಲಿ ಚೆಕ್ ಅಧ್ಯಕ್ಷ ವಾಕ್ಲಾವ್ ಹಾವೆಲ್ ಸ್ಕ್ರೂಟನ್ ಅವರಿಗೆ ಪದಕ ಕೊಟ್ಟರು.

ಗಮನಿಸಬೇಕಾದ ಇನ್ನೊಂದು ಸಂಗತಿ: ಅಂಥದೇ ಗುಟ್ಟಿನ ತರಗತಿಗೆ ಫ್ರಾನ್ಸಿನಿಂದ ತತ್ವಜ್ಞಾನಿ ಜಾಕ್ ಡೆರಿಡಾ ಹೋಗಿದ್ದರು. 1981ರ ಕೊನೆಯಲ್ಲಿ ಮಾದಕ ವಸ್ತುವಿನ ಸುಳ್ಳು ಆರೋಪ ಹೊರಿಸಿ ಅವರನ್ನೂ ಜೈಲಿಗೆ ಹಾಕಿದ್ದರು. ಬರಹದಲ್ಲಿ ಹಾವು ಮುಂಗುಸಿಯಂತಿದ್ದ ಇಬ್ಬರು ಆ ಹುಡುಗರ ವಿಷಯದಲ್ಲಿ ಒಂದೇ ಕಡೆ ನಿಂತರು. ಸಿದ್ಧಾಂತದ ಹೆಸರಿನಲ್ಲಿ ಓದುವ ಹಕ್ಕನ್ನು ಕಸಿದ ಸರ್ಕಾರ ಕಾರ್ಮಿಕರ ಸರ್ಕಾರ ಎಂದು ಕರೆದುಕೊಂಡರೂ ಅದು ನಮ್ಮ ಅಪ್ಪಂದಿರ ಸರ್ಕಾರವಾಗಿರಲಿಲ್ಲ.

ಒಂದು ಆಕ್ಷೇಪ ಮಾತ್ರ ಉಳಿದಿದೆ. ಊರು, ನೆರೆಹೊರೆ, ಬಾಂಧವ್ಯ ಎಂದು ಬರೆದ ಇವರು ನಮ್ಮ ಗಿರಣಿಗಳಂಥವು ಮುಚ್ಚಿದಾಗ ಏನು ಹೇಳಿದರು? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಯ ಸೈರನ್ನಿಗೆ ಇಡೀ ಕೇರಿ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಅದು ಸಂಪ್ರದಾಯವಲ್ಲವೇ? ಅದನ್ನು ಮುರಿದದ್ದು ಕ್ರಾಂತಿಕಾರಿಗಳಲ್ಲ, ಲೆಕ್ಕದ ಪುಸ್ತಕ.

ತತ್ವಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ತಮ್ಮಾ, ನಿನ್ನ ಪ್ರಶ್ನೆ ಅವರ ಚಿಂತನೆಯ ಗಾಯವನ್ನೇ ಮುಟ್ಟಿತು. 1980ರಲ್ಲಿ ಅವರು ಕನ್ಸರ್ವೇಟಿಸಂ (ಸಂಪ್ರದಾಯವಾದ) ಕುರಿತು ಬರೆದ ಮೊದಲ ದೊಡ್ಡ ಪುಸ್ತಕವೇ ಬ್ರಿಟನ್ ಪ್ರಧಾನಿ ಥ್ಯಾಚರ್ ಕಾಲದ ಮುಕ್ತ ಮಾರುಕಟ್ಟೆಯ ಗುಂಗನ್ನು ಪ್ರಶ್ನಿಸುತ್ತದೆ. ಸಮಾಜವನ್ನು ಬೆಲೆ ಮತ್ತು ಲಾಭದಿಂದ ಮಾತ್ರ ವಿವರಿಸುವವರು ತಮ್ಮ ಪಕ್ಷದಲ್ಲಿಯೇ ತುಂಬಿದ್ದಾರೆ ಎಂದು ಅವರು ಅಸಮಾಧಾನಪಟ್ಟಿದ್ದರು. ಆದರೆ ಆ ಸಿಟ್ಟು ಅದೇ ಕಾಲದಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿಗಳ ಊರುಗಳ ಪರವಾದ ದೊಡ್ಡ ದನಿಯಾಗಿ ಬೆಳೆಯಲಿಲ್ಲ. ಪಕ್ಕದ ಹೊಲದ ಬೇಲಿಯ ಬಗ್ಗೆ ಬರೆದಷ್ಟು ಪ್ರೀತಿಯಿಂದ ಅವರು ಕಾರ್ಖಾನೆಯ ಗೇಟಿನ ಬಗ್ಗೆ ಬರೆದದ್ದನ್ನು ನಾನು ಓದಿಲ್ಲ.

ಹೊಳಲ್ಕೆರೆ ಟೀಚರ್

ಎಲ್ಲರೂ ಪಿತ್ರಾರ್ಜಿತದ ಬಗ್ಗೆ ಬಹಳ ಸಮಾಧಾನದಿಂದ ಮಾತಾಡುತ್ತಿದ್ದೀರಿ. ನಾನು ಬೇರೆ ಕೇರಿಯಿಂದ ಬಂದವಳು, ಬೇರೆ ಮಾತು ಹೇಳುತ್ತೇನೆ.

ಹಿಂದಿನವರು ಬಿಟ್ಟುಹೋದದ್ದರಲ್ಲಿ ಬಾವಿಯೂ ಇತ್ತು, ಆ ಬಾವಿಯ ಬಳಿಗೆ ನನ್ನ ಅಜ್ಜಿ ಬರಬಾರದೆಂಬ ಕಟ್ಟಳೆಯೂ ಇತ್ತು. ಎರಡೂ ಒಂದೇ ಕೈಯಿಂದ ಬಂದವು. ಮೇಷ್ಟರು ಹೇಳುವ ಮರದ ಕಂಬದ ಪಡಸಾಲೆಯ ಅಂದ ನನಗೂ ಕಾಣುತ್ತದೆ. ಆ ಪಡಸಾಲೆಯ ಮೆಟ್ಟಿಲು ನಮ್ಮವರು ಹತ್ತಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಹಳ್ಳಿಯನ್ನು ಹೊಗಳುವವರಿಗೆ ನೇರವಾಗಿ ಉತ್ತರ ಕೊಟ್ಟರು. ಹಳ್ಳಿ ಎಂದರೆ ಸಂಕುಚಿತತೆಯ ಕೊಚ್ಚೆ, ಅಜ್ಞಾನದ ಮತ್ತು ಕೋಮುಭಾವನೆಯ ಗೂಡು ಎಂಬ ಅರ್ಥದ ಮಾತು ಆಡಿದರು. ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಮೂಲ ಘಟಕವಾಗಿ ಇಟ್ಟುಕೊಂಡದ್ದಕ್ಕೆ ಸಂತೋಷಪಟ್ಟರು. ಊರಿನ ಪ್ರೀತಿಯೇ ಎಲ್ಲದಕ್ಕೂ ಮದ್ದು ಎನ್ನುವವರು ಮೊದಲು ಆ ಭಾಷಣಕ್ಕೆ ಉತ್ತರ ಹೇಳಬೇಕು.

ಸ್ಕ್ರೂಟನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ 1984ರಲ್ಲಿ ಬ್ರಾಡ್‌ಫೋರ್ಡಿನ ಒಬ್ಬ ಮುಖ್ಯೋಪಾಧ್ಯಾಯರು ವಲಸಿಗರ ಮಕ್ಕಳ ಶಿಕ್ಷಣದ ಬಗ್ಗೆ ಬರೆದ ಲೇಖನ ದೊಡ್ಡ ಜಗಳಕ್ಕೆ ಕಾರಣವಾಯಿತು. ಆ ಮಕ್ಕಳಲ್ಲಿ ಅನೇಕರು ನಮ್ಮ ಉಪಖಂಡದ ಮನೆಗಳವರು. ಲೇಖಕರ ಪರವಾಗಿ ಸಂಪಾದಕರು ನಿಂತರು. ಬರೆಯುವ ಸ್ವಾತಂತ್ರ್ಯವನ್ನು ಒಪ್ಪುತ್ತೇನೆ. ಆ ಮಕ್ಕಳಿಗೂ ಬ್ರಾಡ್‌ಫೋರ್ಡ್ ತಮ್ಮ ಊರೇ ಆಗಿತ್ತು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಯಾರು ಬರೆದರು? ಸಲಿಂಗಿಗಳ ಬಗ್ಗೆಯೂ ಅವರು ಕಟುವಾಗಿ ಬರೆದರು. ಅದನ್ನು ಇನ್ನು ಸಮರ್ಥಿಸುವುದಿಲ್ಲ ಎಂದು 2010ರಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು.

ತತ್ವಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ತಾಯಿ, ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಇದಕ್ಕೆ ಪೂರ್ತಿ ಉತ್ತರ ಸ್ಕ್ರೂಟನ್ ಬಳಿ ಇಲ್ಲ. ಅರ್ಧ ಉತ್ತರವಿದೆ. ರಕ್ತ, ಕುಲ, ಮತಗಳ ನಿಷ್ಠೆಗಿಂತ ನೆಲದ ಕಾನೂನಿನ ನಿಷ್ಠೆ ದೊಡ್ಡದು, ಒಂದೇ ನೆಲದಲ್ಲಿ ಬಾಳುವ ಅಪರಿಚಿತರು ಒಂದೇ ಕಾನೂನಿಗೆ ಬದ್ಧರಾಗುವುದರಿಂದಲೇ ದೇಶ ಆಗುತ್ತದೆ ಎಂದು ಅವರು ಮತ್ತೆ ಮತ್ತೆ ಬರೆದರು. ಆ ದೃಷ್ಟಿಯಿಂದ ನೋಡಿದರೆ 1950ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನವೂ ಈಗ ಪಿತ್ರಾರ್ಜಿತವೇ. ನಿಮ್ಮ ಅಜ್ಜಿಯನ್ನು ತಡೆದ ಕಟ್ಟಳೆಗಿಂತ ಅದನ್ನು ಕಾಯುವುದೇ ಇಂದಿನ ಕೆಲಸ. ಮೂರು ತಲೆಮಾರು ಅದರಡಿಯಲ್ಲಿ ಬೆಳೆದಿದೆ.

ಹೊಳಲ್ಕೆರೆ ಟೀಚರ್

ಅದನ್ನು ಒಪ್ಪುತ್ತೇನೆ ಮೇಷ್ಟರೇ. ಆದರೆ ಸಂವಿಧಾನ ಪಿತ್ರಾರ್ಜಿತವಾದದ್ದು ಒಬ್ಬರು ಮುರಿದು ಕಟ್ಟಿದ್ದರಿಂದ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿಯೂ ಹಾಗೆಯೇ ಆಯಿತು. ಇಂದು ಬಸವಣ್ಣನವರ ಹೆಸರಿನಲ್ಲಿ ಮಠಗಳಿವೆ, ಜಯಂತಿಗಳಿವೆ, ಅದು ನಮ್ಮ ಪರಂಪರೆಯಾಗಿದೆ. ಅವರ ಕಾಲದ ಸಂಪ್ರದಾಯಸ್ಥರಿಗೆ ಅವರು ಒಡೆಯುವವರಾಗಿದ್ದರು. ಯಾವಾಗ ಮುರಿಯಬೇಕು ಎಂಬುದನ್ನು ಸ್ಕ್ರೂಟನ್ ಕಲಿಸುವುದಿಲ್ಲ. ಮುರಿಯುವ ಮುನ್ನ ಎರಡು ಸಲ ಯೋಚಿಸು ಎಂದಷ್ಟೇ ಕಲಿಸುತ್ತಾರೆ.

ಕಟ್ಟಡ ವಿನ್ಯಾಸಕ, ದಾವಣಗೆರೆ

ನನ್ನ ಕಸುಬಿನ ಕಡೆಯಿಂದ ಒಂದಿಷ್ಟು. ಸ್ಕ್ರೂಟನ್ ಅವರ ರಾಜಕೀಯ ನನಗೆ ಅಷ್ಟಾಗಿ ಗೊತ್ತಿಲ್ಲ, ವಾಸ್ತುಕಲೆಯ ಬಗ್ಗೆ 1979ರಲ್ಲಿ ಬಂದ ಅವರ ಪುಸ್ತಕ ಮಾತ್ರ ನನ್ನ ಮೇಜಿನ ಮೇಲಿದೆ. ಚಿತ್ರ ಬೇಡವಾದರೆ ಗ್ಯಾಲರಿಗೆ ಹೋಗದೆ ಇರಬಹುದು, ಕಟ್ಟಡದಿಂದ ತಪ್ಪಿಸಿಕೊಳ್ಳಲು ದಾರಿಹೋಕನಿಗೆ ಆಗುವುದಿಲ್ಲ. ಆದ್ದರಿಂದ ಕಟ್ಟುವವನಿಗೆ ತನ್ನ ಕಲ್ಪನೆಯನ್ನು ಮೆರೆಸುವುದಕ್ಕಿಂತ ಬೀದಿಗೆ ಹೊಂದಿಕೊಳ್ಳುವ ಸೌಜನ್ಯ ಮುಖ್ಯ. 2009ರಲ್ಲಿ ಬಿಬಿಸಿಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅವರು ರೆಡಿಂಗ್ ಪಟ್ಟಣಕ್ಕೆ ಹೋಗಿ, ಉಪಯೋಗವೊಂದನ್ನೇ ಲೆಕ್ಕ ಹಾಕಿ ಕಟ್ಟಿದ ಕಚೇರಿಗಳು ಬಳಸುವವರೇ ಇಲ್ಲದೆ ಹಾಳುಬಿದ್ದದ್ದನ್ನು ತೋರಿಸುತ್ತಾರೆ. ಅಂದವಿಲ್ಲದ ಕಟ್ಟಡ ಕೊನೆಗೆ ಉಪಯೋಗಕ್ಕೂ ಬರುವುದಿಲ್ಲ ಎಂಬುದು ಅವರ ವಾದ.

ನಮ್ಮ ಹಳೆಯ ಮನೆಗಳ ಜಗುಲಿಯನ್ನು ನೆನಪಿಸಿಕೊಳ್ಳಿ. ಸ್ವಂತ ಜಾಗದ ಮೂರು ಅಡಿಯನ್ನು ಮನೆಯವನು ಬೀದಿಗೆ ಬಿಟ್ಟುಕೊಡುತ್ತಿದ್ದ. ದಣಿದವನು ಕೂರುತ್ತಿದ್ದ, ಮುದುಕರು ಹರಟುತ್ತಿದ್ದರು. ಟೀಚರ್ ಅವರ ಮಾತಿನ ನಂತರ ಎಲ್ಲರೂ ಕೂರುತ್ತಿದ್ದರು ಎಂದು ಬರೆಯಲು ಕೈ ಬರುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಇಂದು ನಾನು ನಕ್ಷೆ ಹಾಕಿಕೊಡುವ ಮನೆಗಳಲ್ಲಿ ಜಗುಲಿ ಕೇಳುವವರೇ ಇಲ್ಲ. ರಸ್ತೆಯವರೆಗೂ ಗ್ರಾನೈಟ್ ಇಳಿಜಾರು, ಮೇಲೆ ಕಬ್ಬಿಣದ ಗೇಟು, ಕಾರಿಗೆ ಮಾತ್ರ ಜಾಗ. ಕಟ್ಟಳೆ ಹೋಗಬೇಕಿತ್ತು, ಜಗುಲಿ ಉಳಿಯಬೇಕಿತ್ತು. ಎರಡೂ ಹೋದವು, ಯಾರೂ ಕೂರದ ಬೀದಿ ನಮಗೆ ಉಳಿಯಿತು.

ಬ್ರಿಟನ್ ಸರ್ಕಾರ 2018ರ ನವೆಂಬರಿನಲ್ಲಿ ಮನೆಗಳನ್ನು ಅಂದವಾಗಿ ಕಟ್ಟುವುದು ಹೇಗೆಂದು ತಿಳಿಸಲು ಒಂದು ಆಯೋಗ ರಚಿಸಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 2019ರ ಏಪ್ರಿಲಿನಲ್ಲಿ ಒಂದು ವಾರಪತ್ರಿಕೆಯ ಸಂದರ್ಶನದ ತುಣುಕುಗಳು ಹರಡಿದ ಕೆಲವೇ ಗಂಟೆಗಳಲ್ಲಿ ತೆಗೆದುಹಾಕಿತು. ಪೂರ್ತಿ ಧ್ವನಿಮುದ್ರಣ ಹೊರಬಂದ ಮೇಲೆ ಪತ್ರಿಕೆ ಕ್ಷಮೆ ಕೇಳಿತು, ಜುಲೈನಲ್ಲಿ ಅವರನ್ನು ಸಹ ಅಧ್ಯಕ್ಷರನ್ನಾಗಿ ವಾಪಸು ಕರೆಯಲಾಯಿತು. ವರದಿ 2020ರ ಜನವರಿ ಕೊನೆಯಲ್ಲಿ ಪ್ರಕಟವಾದಾಗ ಅವರು ಇರಲಿಲ್ಲ. ವಿರೋಧಿಯ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಡುವ ರೋಗ ಎರಡೂ ಪಂಥಗಳಿಗಿದೆ.

ಕುರಿ ಸಾಕುವ ಮನೆಯವನು, ಚಳ್ಳಕೆರೆ

ಅಣ್ಣಾವರೇ, ಅಕ್ಕಂದಿರೇ, ನಾನು ಸ್ಕ್ರೂಟನ್ ಅವರ ಒಂದೇ ಪುಸ್ತಕ ಓದಿದ್ದೇನೆ. 2012ರಲ್ಲಿ ಬಂದ, ಪರಿಸರದ ಬಗ್ಗೆ ಬರೆದದ್ದು. ಮೇಷ್ಟರೇ ಕೊಟ್ಟಿದ್ದರು. ನಿಸರ್ಗವನ್ನು ಉಳಿಸುವುದು ದೂರದ ಸರ್ಕಾರದಿಂದಲೋ ದೊಡ್ಡ ಒಪ್ಪಂದಗಳಿಂದಲೋ ಆಗುವ ಕೆಲಸವಲ್ಲ, ಆ ನೆಲದಲ್ಲಿ ಬೇರು ಬಿಟ್ಟವರ ಪ್ರೀತಿಯಿಂದ ಆಗುವ ಕೆಲಸ ಎಂದು ಅದರಲ್ಲಿದೆ.

ಓದುವಾಗ ನನಗೆ ನಮ್ಮ ಅಮೃತಮಹಲ್ ಕಾವಲು ಕಣ್ಣಿಗೆ ಕಟ್ಟಿತು. ಮೈಸೂರಿನ ಒಡೆಯರ ಕಾಲದಿಂದ, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಇನ್ನೂ ಬೆಳೆದು, ಸೈನ್ಯದ ಬಂಡಿ ಎಳೆಯುವ ಎತ್ತುಗಳಿಗಾಗಿ ಮೀಸಲಾದ ಹುಲ್ಲುಗಾವಲು ಅದು. ಎತ್ತು ಮೇಯುತ್ತಿದ್ದ ನೆಲದಲ್ಲಿ ನಮ್ಮ ಕುರಿ ಮೇಯಿತು, ಕುರಿಯ ಉಣ್ಣೆಯಿಂದ ಚಳ್ಳಕೆರೆ ಕಂಬಳಿ ಆಯಿತು. ಕೃಷ್ಣಮೃಗ ಅಲ್ಲಿಯೇ ಮರಿ ಹಾಕಿತು. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹಳ್ಳದ ಕಡೆ ಯಾವ ತಿಂಗಳು ಮಂದೆ ಹೊಡೆಯಬಾರದು ಎಂಬುದು ಬರೆದಿಟ್ಟ ಕಾನೂನಲ್ಲ, ಹಿರಿಯರ ಬಾಯಿಂದ ಬಂದ ಕಟ್ಟುಪಾಡು. ಆಮೇಲೆ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ, ರಕ್ಷಣೆಯ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದ ಮೇಲೆಯೇ ಎಷ್ಟೋ ಹಳ್ಳಿಗಳಿಗೆ ವಿಷಯ ತಿಳಿದದ್ದು. 2013ರ ಹೊತ್ತಿಗೆ ಪ್ರಕರಣ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಗೋಡೆ ಉಳಿಯಿತು. ದೇಶಕ್ಕೆ ವಿಜ್ಞಾನ ಬೇಕು, ನಾವು ಬೇಡ ಎನ್ನಲಿಲ್ಲ. ಕಡತದಲ್ಲಿ ನಮ್ಮ ನೆಲ ಉಪಯೋಗಕ್ಕೆ ಬಾರದ ಖಾಲಿ ಜಾಗವಾಗಿತ್ತು, ಅದು ನಮ್ಮ ಸಂಕಟ.

ಈಗ ನನ್ನ ಪ್ರಶ್ನೆ. ಸ್ಕ್ರೂಟನ್ ಬದುಕಿದ್ದು ಚಳ್ಳಕೆರೆಗೆ ಬಂದಿದ್ದರೆ ಗೋಡೆಯ ಯಾವ ಕಡೆ ನಿಲ್ಲುತ್ತಿದ್ದರು? ಅವರ ಉದಾಹರಣೆಗಳೆಲ್ಲ ಜಮೀನು ಹೆಸರಿಗಿದ್ದವರದು, ಇಲ್ಲವೇ ಇಂಗ್ಲೆಂಡಿನ ಸಂಘ ಸಂಸ್ಥೆಗಳದು. ನಮ್ಮಂಥವರಿಗೆ ಪಹಣಿಯಲ್ಲಿ ಹೆಸರೇ ಇಲ್ಲ.

ಗಿರಣಿ ಕಾರ್ಮಿಕರ ಮಗ, ದಾವಣಗೆರೆ

ಇಡೀ ಚರ್ಚೆಯಲ್ಲಿ ಇದು ನನಗೆ ಅತ್ಯಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಸ್ಕ್ರೂಟನ್ ಅವರಿಗಿಂತ ಅಮೆರಿಕದ ವಿದ್ವಾಂಸೆ ಎಲಿನರ್ ಓಸ್ಟ್ರಮ್ ಹೆಚ್ಚು ನೆರವಾಗುತ್ತಾರೆ ತಮ್ಮಾ. ಮೇವು, ನೀರು, ಮೀನು ಹಂಚಿಕೊಳ್ಳುವ ಜನ ಸರ್ಕಾರವೂ ಇಲ್ಲದೆ, ಖಾಸಗಿ ಒಡೆತನವೂ ಇಲ್ಲದೆ ತಾವೇ ಕಟ್ಟುಪಾಡು ಮಾಡಿಕೊಂಡು ಶತಮಾನಗಳ ಕಾಲ ಉಳಿಸಿಕೊಂಡದ್ದನ್ನು ಅವರು ಸ್ವಿಟ್ಜರ್ಲೆಂಡ್, ಸ್ಪೇನ್, ಜಪಾನ್, ಫಿಲಿಪ್ಪೀನ್ಸ್ ಉದಾಹರಣೆಗಳಿಂದ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮ್ಮ ಹಿರಿಯರು ಮಾಡಿದ್ದು ಅದನ್ನೇ.

ತತ್ವಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ

ಯಾವ ಕಡೆ ನಿಲ್ಲುತ್ತಿದ್ದರು ಎಂದು ಸತ್ತವರ ಪರವಾಗಿ ನಾನು ಹೇಳಲಾರೆ. ಅವರ ಗುರುಪರಂಪರೆಯ ಹಿರಿಯ, ಹದಿನೆಂಟನೇ ಶತಮಾನದ ಬ್ರಿಟಿಷ್ ಸಂಸದ ಮತ್ತು ಚಿಂತಕ ಎಡ್ಮಂಡ್ ಬರ್ಕ್ ಎಲ್ಲಿ ನಿಂತರು ಎಂಬುದಕ್ಕೆ ದಾಖಲೆಯಿದೆ, ಅದು ನಮ್ಮ ಸೀಮೆಗೆ ಹತ್ತಿರದ ಕಥೆ.

1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ನಮ್ಮ ದುರ್ಗವನ್ನು ಕಿತ್ತುಕೊಂಡ. ಮರುವರ್ಷ ಆರ್ಕಾಟ್ ಸೀಮೆಯ ಮೇಲೆ ಎರಗಿದ. ಆ ಸೀಮೆಯ ನವಾಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಮಾಡಿದ್ದನೆನ್ನಲಾದ ಸಾಲದ ಬಗ್ಗೆ 1785ರ ಫೆಬ್ರವರಿಯಲ್ಲಿ ಬರ್ಕ್ ಲಂಡನ್ನಿನ ಸಂಸತ್ತಿನಲ್ಲಿ ಮಾತನಾಡಿದರು. ನಕ್ಷೆಯನ್ನು ಮುಂದಿಟ್ಟುಕೊಂಡು ಅಲ್ಲಿಯ ಕೆರೆಗಳನ್ನು ತಾವೇ ಎಣಿಸಿದ್ದರು, ಸಾವಿರದ ನೂರಕ್ಕೂ ಹೆಚ್ಚು. ಹುಟ್ಟಲಿರುವವರನ್ನೂ ತಮ್ಮವರೆಂದು ಅಪ್ಪಿಕೊಂಡ ನಿಜವಾದ ಅರಸರ ಸ್ಮಾರಕಗಳಿವು ಎಂದರು. ಸಾಲದ ಹೆಸರಿನಲ್ಲಿ ಸೀಮೆಯನ್ನು ಹಿಂಡುತ್ತಿದ್ದ ತಮ್ಮ ದೇಶದವರನ್ನೇ ಹರಿಹಾಯ್ದರು. ಮುಂದೆ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿಚಾರಣೆಗಾಗಿ ವರ್ಷಗಟ್ಟಲೆ ಸೆಣಸಿದ್ದೂ ಅವರೇ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಕುಡಿಯುವ ದುರ್ಗದವರಿಗೆ ಆ ಭಾಷಣ ಅರ್ಥವಾಗದೆ ಇರದು. ತೀರಿಹೋದವರು, ಬದುಕಿರುವವರು, ಹುಟ್ಟಲಿರುವವರು ಈ ಮೂವರ ನಡುವಿನ ಒಪ್ಪಂದವೇ ಸಮಾಜ ಎಂದ ಬರ್ಕ್ ಅವರನ್ನೇ ಸ್ಕ್ರೂಟನ್ ಬದುಕಿನುದ್ದಕ್ಕೂ ಹಿಂಬಾಲಿಸಿದರು. ಆ ಒಪ್ಪಂದದಲ್ಲಿ ಕಾವಲಿನ ಕುರುಬನಿಗೂ ಬೀಡಿ ಕಟ್ಟುವವಳ ಕೂಸಿಗೂ ಪಾಲಿದೆ ಎಂದು ನಾನು ಓದುತ್ತೇನೆ. ಅಷ್ಟು ವಿಸ್ತಾರವಾಗಿ ಸ್ಕ್ರೂಟನ್ ಓದಲಿಲ್ಲ. ಅದು ಅವರ ಕೊರತೆ, ಚಿಂತನೆಯ ಕೊರತೆಯಲ್ಲ.

ಮಕ್ಕಳ ಡಾಕ್ಟರ್, ದಾವಣಗೆರೆ

ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ ಮೇಷ್ಟರೇ. ಮನೆ, ಊರು ಎಂದು ಆರಂಭವಾಗುವ ಚಿಂತನೆಗೆ ಹೊಸಿಲ ಆಚೆಯವರು ಯಾವಾಗಲೂ ತಡವಾಗಿಯೇ ಕಾಣುತ್ತಾರೆ. ಬರ್ಕ್ ಅವರಿಗೆ ಕಂಡರು ಎಂಬುದು ಬರ್ಕ್ ಅವರ ದೊಡ್ಡತನ. ಆ ಕೆರೆಗಳ ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ, ಓದಬೇಕು ಅನಿಸಿತು.

ಹೊಳಲ್ಕೆರೆ ಟೀಚರ್

ಮೇಷ್ಟರೇ, ಕೆರೆಗಳ ಆ ಭಾಗವನ್ನು ದಯವಿಟ್ಟು ಕನ್ನಡಕ್ಕೆ ತಂದುಕೊಡಿ. ನನ್ನ ಹತ್ತನೇ ತರಗತಿಯ ಮಕ್ಕಳಿಗೆ ಓದಿಸುತ್ತೇನೆ. ಅಂಬೇಡ್ಕರ್ ಅವರ 1948ರ ಭಾಷಣದ ಭಾಗವನ್ನೂ ಅದೇ ದಿನ ಓದಿಸುತ್ತೇನೆ. ಮೊದಲು ಅಂಬೇಡ್ಕರ್, ಆಮೇಲೆ ಬರ್ಕ್.